ಆರು ನಿಮಿಷದ ತರಕಾರಿ ಬರ್ಗರನ್ನು ಕೈತಪ್ಪದಂತೆ ಉಳಿಸಿಕೊಳ್ಳುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮಧ್ಯಾಹ್ನ/ಹಸಿವು/41/ಅತಿ ತುರ್ತು

ವಿಷಯ: ಅಗ್ಗವೂ ರುಚಿಕರವೂ ಆದ ಫ್ರೀಜರ್ ಬರ್ಗರ್ ಕೊನೆಗೂ ಪತ್ತೆಯಾಗಿರುವ ಕುರಿತು.

ಉಲ್ಲೇಖ: 1. ಕ್ಯಾಂಟೀನ್ ಮುಚ್ಚಿದ ಆದೇಶ.
2. ಬೆರಳಚ್ಚುಗಾರ್ತಿಯವರು ಮೇಜಿನ ಮೇಲೆ ತಲೆಯಿಟ್ಟು ಸಲ್ಲಿಸಿದ ಮೌನ ಮನವಿ.

ಕ್ಯಾಂಟೀನ್ ಮುಚ್ಚಿದಂದಿನಿಂದ ಇಲಾಖೆಯ ಇಪ್ಪತ್ತಮೂರು ಮಂದಿ ಗೋಡೆಗೆ ಮುಖಮಾಡಿ ಬಿಸ್ಕತ್ತು ತಿನ್ನುತ್ತಿರುವುದು ಗಮನಕ್ಕೆ ಬಂದಿತ್ತು. ವಿರಾಮ ಅರ್ಧ ಗಂಟೆ. ಹತ್ತಿರದ ಹೋಟೆಲಿಗೆ ಹೋಗಲೇ ಇಪ್ಪತ್ತು ನಿಮಿಷ. ಆದ್ದರಿಂದ ಕಚೇರಿಯಲ್ಲೇ ಬೇಗ ಬೇಯಿಸಿ ತಿನ್ನಬಹುದಾದ ಅಗ್ಗದ ತರಕಾರಿ ಬರ್ಗರ್ ಹುಡುಕಲು ಲೆಕ್ಕಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಲಾಯಿತು.

ಸಮಿತಿಯು ಏಳು ವಾರ ತಿಂದಿತು. ಮೊದಲನೆಯ ಬರ್ಗರ್ ಹೊರಗೆ ಕರಕಲು, ಒಳಗೆ ಮಂಜುಗಡ್ಡೆ. ಎರಡನೆಯದರ ರುಚಿ ಸೊಗಸಾಗಿತ್ತು. ಬೆಲೆ ಕಂಡು ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೂರನೆಯದು ಬೇಯಲು ಮುಕ್ಕಾಲು ಗಂಟೆ ಬೇಕೆಂದು ಡಬ್ಬಿಯ ಮೇಲೇ ಬರೆದಿತ್ತು. ಸಮಿತಿಯು ಇನ್ನೂ ಆರು ತಿಂಗಳ ಕಾಲಾವಕಾಶ ಕೋರಿತು.

ಅಷ್ಟರಲ್ಲಿ ಇಲಾಖೆಯ ಜೀಪ್ ಚಾಲಕರು ಬಸ್ ನಿಲ್ದಾಣದ ಪಕ್ಕದ ಅಂಗಡಿಯಿಂದ ಒಂದು ಡಬ್ಬಿ ತಂದು, ಕಾವಲಿಯ ಮೇಲೆ ಆರೇ ನಿಮಿಷದಲ್ಲಿ ಆರು ಬರ್ಗರ್ ಬೇಯಿಸಿದರು. ಬೆರಳಚ್ಚುಗಾರ್ತಿಯವರು ತಲೆಯೆತ್ತಿದರು. ಎರಡು ತಿಂದರು. ಬೆಲೆ ಬಿಸ್ಕತ್ತಿಗಿಂತ ತುಸುವೇ ಹೆಚ್ಚು. ಇಷ್ಟು ದಿನ ಏಕೆ ತಿಳಿಸಲಿಲ್ಲವೆಂದು ವಿಚಾರಿಸಲಾಗಿ, "ನಮ್ಮನೇಲಿ ಒಂದು ವರ್ಷದಿಂದ ಇದನ್ನೇ ತಿಂತಿದೀವಿ ಸಾರ್. ಸಮಿತಿಯವರು ಯಾರೂ ನನ್ನ ಕೇಳ್ಲೇ ಇಲ್ವಲ್ಲ!" ಎಂದು ಚಾಲಕರು ಹೇಳಿಕೆ ನೀಡಿದರು.

ಆದರೆ ಮರುವಾರವೇ ಅಂಗಡಿಯ ಒಡತಿ ಚಾಲಕರಿಗೆ, "ಇದನ್ನ ನೀವು ಬಿಟ್ರೆ ಯಾರೂ ಕೊಳ್ಳಲ್ಲ ಕಣಣ್ಣ. ಇನ್ಮುಂದೆ ತರಿಸಲ್ಲ" ಎಂದುಬಿಟ್ಟರು. ಇಲಾಖೆಯೇ ನಡುಗಿತು. ಅಂದೇ ಇಪ್ಪತ್ತಮೂರು ಮಂದಿಯೂ ಚೀಲ ಹಿಡಿದು ಅಂಗಡಿಯ ಮುಂದೆ ಸಾಲುಗಟ್ಟಿದರು. ಒಡತಿ ಬೆಚ್ಚಿಬಿದ್ದು, "ಅಯ್ಯೋ, ನಾನೇನ್ರಪ್ಪಾ ತಪ್ಪು ಮಾಡ್ದೆ?" ಎಂದರು. ವಿಷಯ ತಿಳಿದ ಮೇಲೆ ನಕ್ಕು, ವಾರಕ್ಕೆ ಇಪ್ಪತ್ತು ಡಬ್ಬಿ ಕೊಳ್ಳುವುದಾದರೆ ತರಿಸುತ್ತೇನೆಂದು ಒಪ್ಪಿದರು.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪ್ರತಿ ಸೋಮವಾರ ಇಬ್ಬರು ಅಂಗಡಿಗೆ ತೆರಳತಕ್ಕದ್ದು. ಅಲ್ಲಿ ಮುಖದಲ್ಲಿ ಅತಿಯಾದ ಸಂತೋಷ ತೋರತಕ್ಕದ್ದಲ್ಲ. ಬೆಲೆ ಏರುವ ಸಂಭವವಿದೆ.

2. ಕಾವಲಿಯ ಸುತ್ತ ನಿಂತು ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಮಂದಿ ಸಲಹೆ ನೀಡುವುದನ್ನು ನಿಷೇಧಿಸಲಾಗಿದೆ. ಬರ್ಗರನ್ನು ಒಮ್ಮೆ ಮಾತ್ರ ತಿರುವಬಹುದು. ಎರಡನೆಯ ಬಾರಿಗೆ ಲಿಖಿತ ಅನುಮತಿ ಅಗತ್ಯ. ಅನುಮತಿ ಬರುವಷ್ಟರಲ್ಲಿ ಸೀದುಹೋದರೆ ಇಲಾಖೆ ಹೊಣೆಯಲ್ಲ.

3. ಮೇಲಿನ ಮಹಡಿಯವರು ಇದೇನು ಘಮಘಮ ಎಂದು ಕೇಳಿದಲ್ಲಿ, "ಹಳೇ ಕಡತ ಬಿಸಿಲಿಗೆ ಹಾಕಿದೀವಿ" ಎಂದು ಎಲ್ಲರೂ ಏಕರೂಪವಾಗಿ ಉತ್ತರಿಸತಕ್ಕದ್ದು. ಮಳೆಗಾಲಕ್ಕೆ ಪ್ರತ್ಯೇಕ ಉತ್ತರ ಪರಿಶೀಲನೆಯಲ್ಲಿದೆ.

4. "ಒಂದು ಚೂರು ಕೊಡು, ರುಚಿ ನೋಡ್ತೀನಿ" ಎಂಬ ಕೋರಿಕೆಯಲ್ಲಿ ಚೂರು ಎಂದರೆ ಹೆಬ್ಬೆರಳ ಉಗುರಿನಷ್ಟು. ಹೆಬ್ಬೆರಳು ಬರ್ಗರ್ ಒಡೆಯರದೇ ಹೊರತು ಕೇಳುವವರದಲ್ಲ.

5. ಸಮಿತಿಯನ್ನು ವಿಸರ್ಜಿಸಲಾಗಿದೆ. ಸದಸ್ಯರು ಇನ್ನೂ ತಿನ್ನುತ್ತಲೇ ಇರುವುದರಿಂದ ಅದೇ ಸದಸ್ಯರ ಸಾಸ್ ಉಪಸಮಿತಿಯನ್ನು ರಚಿಸಲಾಗಿದೆ.

6. ಕಾವಲಿಗೆ ಜಾಗ ಮಾಡಲು ನಾಲ್ಕು ಮೇಜುಗಳನ್ನು ಜೋಡಿಸಿದ್ದು, ಸಿಬ್ಬಂದಿ ಈಗ ಅವುಗಳ ಸುತ್ತ ಒಟ್ಟಿಗೆ ಕೂತು ಉಣ್ಣುತ್ತಿದ್ದಾರೆ. ನಗುವಿನ ಸದ್ದು ಮೇಲಧಿಕಾರಿಗಳ ಕೋಣೆಗೂ ಕೇಳಿಸಿದೆ. ಸದರಿ ಮೇಜುಗಳನ್ನು ಯಾವುದೇ ಕಾರಣಕ್ಕೂ ಮತ್ತೆ ಬೇರ್ಪಡಿಸತಕ್ಕದ್ದಲ್ಲ, ಮತ್ತು ಮೇಲಧಿಕಾರಿಗಳಿಗೂ ಒಂದು ಕುರ್ಚಿ ಹಾಕತಕ್ಕದ್ದು.

ಸಹಿ/-
ಮೇಲಧಿಕಾರಿಗಳ ಪರವಾಗಿ
(ಅವರ ಬಾಯಿ ತುಂಬಿರುವುದರಿಂದ)

ಪ್ರತಿಗಳು:
1. ಅಂಗಡಿಯ ಒಡತಿಗೆ, ಒಂದನೆಯ ಅಂಶವನ್ನು ಕತ್ತರಿಸಿ.
2. ಫ್ರೀಜರ್ ಬಾಗಿಲಿಗೆ.
3. ಜೀಪ್ ಚಾಲಕರ ಹೆಂಡತಿಗೆ, ಆ ಬರ್ಗರನ್ನು ಮೊದಲು ಹುಡುಕಿದ್ದು ತಾವಲ್ಲ, ಆಕೆಯೇ ಎಂದು ಚಾಲಕರು ನಿನ್ನೆ ಒಪ್ಪಿಕೊಂಡಿರುವುದರಿಂದ, ಇಪ್ಪತ್ತಮೂರು ಮಂದಿಯ ನಮಸ್ಕಾರಗಳೊಂದಿಗೆ.