ಸದ್ದಿಲ್ಲದ ಸಿಮ್ಯುಲೇಟರಿಗೆ ಮೇಲೂರಿನಿಂದ

ಮಾನ್ಯ ಸರ್ಕ್ಯೂಟ್ ಸಿಮ್ಯುಲೇಟರ್ ಮಹಾಶಯರಿಗೆ, ಮೇಲೂರಿನಲ್ಲಿ ಮಿಕ್ಸಿ, ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಜ್ಯೋತಿಲಕ್ಷ್ಮಿ ಕೈಜೋಡಿಸಿ ಬಿನ್ನವಿಸಿಕೊಳ್ಳುವುದೇನೆಂದರೆ:

ಮಾನ್ಯರೇ, ತಾವು ವಾಸವಾಗಿರುವ ಕಂಪ್ಯೂಟರಿನೊಳಗಿನ ಲೋಕದಲ್ಲಿ ಕರೆಂಟು ಹಗಲೂ ರಾತ್ರಿ ಇನ್ನೂರ ಮೂವತ್ತು ವೋಲ್ಟಿನಲ್ಲೇ ಹರಿಯುತ್ತದೆಂದೂ, ಲೈನ್‌ಮನ್‌ಗೆ ಫೋನ್ ಮಾಡುವ ಪದ್ಧತಿಯೇ ಅಲ್ಲಿಲ್ಲವೆಂದೂ ತಿಳಿದು ಪರಮ ಸಂತೋಷವಾಗಿದೆ. ಅಲ್ಲೊಂದು ಸಣ್ಣ ಸೈಟು ಸಿಗುವಂತಿದ್ದರೆ ದಯಮಾಡಿ ತಿಳಿಸಬೇಕು.

ನನ್ನ ಅತ್ತೆ ಗಂಗುಲಮ್ಮನವರು ಹನ್ನೊಂದು ವರ್ಷಗಳಿಂದ ರೇಷ್ಮೆ ಹುಳುಮನೆ ಬಿಟ್ಟು ಒಂದು ಹಗಲೂ ಹೊರಗೆ ಕಳೆದವರಲ್ಲ. ಹುಳುಮನೆಯ ಕಾವು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಅವರು ತಟ್ಟೆಯ ಹತ್ತಿರ ಕೆನ್ನೆ ಒಡ್ಡಿ ಹೇಳುತ್ತಾರೆ. ಕೈವಾರಕ್ಕೆ ಹೋಗಿ ಒಂದು ದಿನ ಪೂರ್ತಿ ಭಜನೆ ಕೇಳಬೇಕೆಂಬುದು ಅವರ ಆಸೆ. ಚಳಿಯಲ್ಲಿ ತಾನಾಗಿಯೇ ಹೀಟರ್ ಹಾಕಿ, ಕಾವು ಸಾಕಾದಾಗ ಆರಿಸುವ ಒಂದು ಡಬ್ಬಿ ಮಾಡಿಕೊಟ್ಟರೆ ಆ ಆಸೆ ತೀರುತ್ತದೆಂದು ನಾನು ಹೊರಟೆ.

ಅದನ್ನು ಕಂಪ್ಯೂಟರಿನಲ್ಲಿ ಮೊದಲು ಪರೀಕ್ಷಿಸಲು ಮೂರು ಸಾಫ್ಟ್‌ವೇರ್ ಇಳಿಸಿಕೊಂಡೆ. ಮೊದಲನೆಯದು ಗೆರೆ ಎಳೆದಾಗಲೆಲ್ಲ ಗದರಿಸಿತು. ಎರಡನೆಯದು ಕರೆಂಟು ಇಳಿದರೆ ಹೀಟರ್ ಹಾಕಿ ಆರಿಸುವ ರಿಲೇ ಗತಿಯೇನೆಂದು ಪೀಡಿಸಿತು. ಮೂರನೆಯವರಾದ ತಾವು ಮಾತ್ರ ತುಟಿಪಿಟಿಕ್ಕೆನ್ನದೆ ಹಸಿರು ಗುರುತು ತೋರಿಸಿದಿರಿ. ನನ್ನ ಯಜಮಾನರು ಚನ್ನಕೇಶವ ನೂಲು ಬಿಚ್ಚುವವರು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಸದ್ದು ಬರದಿದ್ದರೆ ಒಳಗಿನ ಹುಳು ಕರಗಿದೆಯೆಂದು ಆ ರಾಶಿಯನ್ನೇ ಬಿಟ್ಟು ಮುಂದೆ ಹೋಗುವವರು. ಅವರ ಮನೆಯಲ್ಲಿ ಅನ್ನ ತಿನ್ನುವ ನಾನು ಸದ್ದು ಮಾಡಿದ ಎರಡನ್ನೂ ಅಳಿಸಿ ತಮ್ಮನ್ನು ಆರಿಸಿಕೊಂಡೆ, ತಾವು ಒಪ್ಪಿದಂತೆಯೇ ಡಬ್ಬಿ ಮಾಡಿ ಹುಳುಮನೆಯಲ್ಲಿ ಕೂರಿಸಿದೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹುಳುಗಳು ಸೊಪ್ಪಿಗೆ ಬಾಯಿ ಹಾಕಿದ್ದ ದಿನವದು. ಅತ್ತೆ ಹೊಸ ಸೀರೆ ಉಟ್ಟು ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತು, "ನಮ್ಮೂರ ಕರೆಂಟು ಹೆಂಗೆ ಅಂತ ಆ ಕಂಪ್ಯೂಟರಿಗೆ ಹೇಳಿದ್ಯೇನಮ್ಮ?" ಎಂದು ಕೇಳಿದರು. ನಾನು ನಕ್ಕು ಕಳಿಸಿಕೊಟ್ಟು ಅಂಗಡಿಗೆ ಹೋದೆ.

ಹತ್ತು ಗಂಟೆಗೆ ತ್ರೀಫೇಸ್ ಬಂತು. ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಎದ್ದವು, ವೋಲ್ಟೇಜು ಕುಸಿಯಿತು, ತಾವು ಹರಸಿದ ರಿಲೇ ಟಕಟಕನೆ ಹೊಡೆದುಕೊಂಡು ಅಂಟಿಕೊಂಡಿತು, ಹೀಟರ್ ಆರಲೇ ಇಲ್ಲ. ಮಧ್ಯಾಹ್ನ ನಾನು ಬಂದು ಬಾಗಿಲು ತೆಗೆದಾಗ ಸೊಪ್ಪು ಮೇಯುವ ಸದ್ದೇ ಇರಲಿಲ್ಲ. ನೆನೆಸಿದ ಗೋಣಿ ಕಟ್ಟಿ ಗಾಳಿ ಬೀಸಿದರೂ ಅರ್ಧಕ್ಕರ್ಧ ಹುಳು ಉಳಿಯಲಿಲ್ಲ. ಕಂಪ್ಯೂಟರಿನಲ್ಲಿ ತಮ್ಮ ಹಸಿರು ಗುರುತು ಆಗಲೂ ನಗುತ್ತಿತ್ತು.

ಸಂಜೆ ಪ್ರಸಾದದ ಪೊಟ್ಟಣ ಹಿಡಿದು ಬಂದ ಅತ್ತೆ ತಟ್ಟೆಗಳನ್ನು ನೋಡಿದರು. ನನ್ನನ್ನು ಬೈಯಲಿಲ್ಲ, ತಮ್ಮನ್ನೂ ಬೈಯಲಿಲ್ಲ. "ನಾನು ಹೋಗಬಾರದಿತ್ತಮ್ಮ" ಎಂದರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಎರಡೇ ಕೋರಿಕೆ. ತಾವು ಒಂದು ಬೆಳೆಯ ಕಾಲ ನಮ್ಮ ಹುಳುಮನೆಯಲ್ಲಿ ತಂಗಿ, ತ್ರೀಫೇಸ್ ಬಂದಾಗ ಇನ್ನೂರ ಮೂವತ್ತು ವೋಲ್ಟನ್ನು ಸ್ವತಃ ಹಿಡಿದು ನಿಲ್ಲಿಸಬೇಕು. ಅದು ಕಷ್ಟವಾದರೆ, ತಪ್ಪು ಅವರದಲ್ಲ ಎಂದು ನನ್ನ ಅತ್ತೆಗೆ ತಾವೇ ಹೇಳಬೇಕು. ನಾನು ಹೇಳಿದರೆ ಅವರು ನಂಬುತ್ತಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಜ್ಯೋತಿಲಕ್ಷ್ಮಿ

ತಾ.ಕ.: ಪೀಡಿಸುತ್ತಿದ್ದ ಆ ಎರಡನೆಯ ಸಾಫ್ಟ್‌ವೇರನ್ನು ಮತ್ತೆ ಇಳಿಸಿಕೊಂಡಿದ್ದೇನೆ. ನಿನ್ನೆ ಅದು ಅದೇ ಡಬ್ಬಿಯ ನಕ್ಷೆಯಲ್ಲಿ ನಲವತ್ತೊಂದು ತಪ್ಪು ತೋರಿಸಿತು. ಪಕ್ಕದಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಅತ್ತೆ ಅಷ್ಟನ್ನೂ ಓದಿಸಿ ಕೇಳಿ, ಕೈವಾರದ ಬಸ್ಸು ಈಗಲೂ ಎಂಟಕ್ಕೇ ಹೊರಡುತ್ತದೆಯೇ ಎಂದು ವಿಚಾರಿಸಿದರು.