ಚಿಲಕ ಕುಂತಿತು

ಮೊರಬದ ಕುಬೇರಪ್ಪನ ಬಚ್ಚಲಮನೆಯ ಚಿಲಕಕ್ಕೆ ನಾಲ್ಕು ಸ್ಕ್ರೂ. ತೂತು ಸವೆದು ನಾಲ್ಕೂ ಮುದಿಹಲ್ಲಿನಂತೆ ಅಲ್ಲಾಡುತ್ತಿದ್ದವು. ಸೋಮವಾರ ಹೆಂಡತಿ ರೋಹಿಣಿ ತಲೆ ಎರೆದುಕೊಳ್ಳುವಾಗ ಚಿಲಕ ಕಳಚಿ ಬಕೆಟ್ಟಿಗೆ ಬಿತ್ತು. ಬಾಗಿಲು ತಾನಾಗಿ ತೆರೆಯಿತು. ಅಂಗಳದಲ್ಲಿ ನಿಂತಿದ್ದ ಹಾಲಿನ ಹೊಳೆಯಪ್ಪ, ಪಾಪ, ಹಾಲು ಚೆಲ್ಲಿ ಓಡಿದ. ಅವತ್ತೇ ಆಕೆ ಯರಗುಪ್ಪಿಗೆ, ತವರಿಗೆ ನಡೆದಳು.

ಗುರುವಾರ ಮುಂಜಾನೆ ಫೋನು ಬಂತು.

"ಹನ್ನೆರಡರ ಬಸ್ಸಿಗೆ ಬರ್ತೀನ್ರಿ. ಚಿಲಕ ಗಟ್ಟಿ ಕುಂತಿದ್ರ ಇರ್ತೀನಿ. ಇಲ್ಲಾಂದ್ರ ಅದ ಬಸ್ಸಿಗೆ ಹೊಳ್ಳಿ ಹೋಗ್ತೀನಿ."

ಬಡಗಿ ಊರಲ್ಲಿರಲಿಲ್ಲ. ಕುಬೇರಪ್ಪ ತಾನೇ ಸ್ಕ್ರೂ ತಿರುವಿದ. ಸ್ಪ್ರಿಂಗ್ ಹೋದ ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಅದು ತಿರುಗುತ್ತಲೇ ಇತ್ತು.

ಬಾಜೂ ಮನೆಯ ಟೇಲರ್ ಬುಡನಸಾಬ ಹೊಲಿಗೆ ಬಿಟ್ಟು ಬಂದ. "ಹಂಗ ತಿರುವಿದ್ರ ಯುಗಾದಿತನಾ ತಿರುಗತೈತಿ. ಬೆಂಕಿಕಡ್ಡಿ ತಲಿ ಮುರದು, ಅಂಟು ಹಚ್ಚಿ ತೂತಿಗೆ ತುರುಕು. ಮ್ಯಾಲೆ ಸ್ಕ್ರೂ ಹಾಕು."

"ಎಷ್ಟ ಕಡ್ಡಿ, ಕಾಕಾ?"

"ಮೂರು."

"ಮೂರ ಕಡ್ಡಿಗೆ ಏನಾಗತೈತೋ?" ಎಂದಳು ಗೋಡೆಯಾಚೆಯಿಂದ ಮಲ್ಲಕ್ಕ. "ಹೇಣ್ತಿ ಬೇಕಂದ್ರ ಕೈಬಿಟ್ಟು ಅಂಟು ಸುರಿಯೋ."

ಹೆಂಡತಿ ಬೇಕಾಗಿತ್ತು. ಕುಬೇರಪ್ಪ ಕಡ್ಡಿ ತುರುಕಿ, ಅಂಟಿನ ಡಬ್ಬಿಯನ್ನೇ ಬೋರಲು ಹಾಕಿದ. ಸ್ಕ್ರೂ ಬಿಗಿದು, ಸ್ಕ್ರೂಡ್ರೈವರ್ ಹೊರಗಿಟ್ಟು, ಒಳಗೆ ಹೋಗಿ ಚಿಲಕ ಹಾಕಿ ನೋಡಿದ.

"ಕಾಕಾ, ತಗೀಲೇನ್ರಿ?"

"ಹಸಿ ಐತಿ, ಮುಟ್ಟಬ್ಯಾಡ! ಒಣಗೂತನಾ ಅಲ್ಲೇ ನಿಂದ್ರು."

ಹಿರಿಯರ ಮಾತು ಮೀರುವವನಲ್ಲ ಅವನು. ಎರಡು ತಾಸು ಬಚ್ಚಲಲ್ಲಿ ನಿಂತ. ತೂತಿನೊಳಗಿನ ಅಂಟು ಒಣಗಿತು. ಚಿಲಕದ ಸರಳಿಗೆ ಇಳಿದದ್ದೂ ಒಣಗಿತು.

"ಕಾಕಾ, ಸರಳು ಜಗ್ಗಿದ್ರೂ ಬರವಲ್ದರಿ!"

"ನಾ ಹೇಳಿದ್ನಿಲ್ಲ, ಗಟ್ಟಿ ಕುಂದ್ರತೈತಿ ಅಂತ!" ಬುಡನಸಾಬನಿಗೆ ಹೆಮ್ಮೆ.

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಮಲ್ಲಕ್ಕ ಹಾರೆ ತಂದಳು.

"ಚಿಲಕದ ಕಡೆ ಮೀಟಬ್ಯಾಡ್ರಿ!" ಒಳಗಿನಿಂದ ಕುಬೇರಪ್ಪ ಕೂಗಿದ. "ಅಕಿ ಅದನ್ನ ನೋಡಾಕ ಬರಾಕತ್ತಾಳ!"

ಹಾಗಾಗಿ ಬಿಜಾಗ್ರಿ ಕಡೆ, ಬಾಗಿಲನ್ನು ಚೌಕಟ್ಟಿಗೆ ಹಿಡಿದ ಕೀಲುಗಳ ಕಡೆ, ಮೀಟಿದರು. ಎರಡು ಬಿಜಾಗ್ರಿ, ಹನ್ನೆರಡು ಸ್ಕ್ರೂ, ಕಟ್ಟಿಗೆಯ ಚೂರು ಸಮೇತ ಕಿತ್ತು, ಬಾಗಿಲು ಅಂಗಳಕ್ಕೆ ಬಿತ್ತು. ಅದರ ಮೇಲೆ ಕುಬೇರಪ್ಪ.

ರೋಹಿಣಿ ಬಂದಳು. ಹೆಗಲ ಚೀಲ ಇಳಿಸದೆ, ಬಗ್ಗಿ, ಎರಡೂ ಕೈಯಿಂದ ಚಿಲಕ ಜಗ್ಗಿದಳು. ಅದು ಅಲ್ಲಾಡಲಿಲ್ಲ.

"ಚಿಲಕ ಗಟ್ಟಿ ಕುಂತೈತ್ರಿ," ಎಂದಳು.

ಕುಬೇರಪ್ಪನ ಮುಖ ಅರಳಿತು.

"ಬಾಗಿಲಾ ಮಕ್ಕೊಂಡೈತಿ."

ಬಂದ ಬಸ್ಸು ವಾಪಸು ಹೋಗಲು ಇನ್ನೂ ಹೊಳ್ಳುತ್ತಿತ್ತು. ಬುಡನಸಾಬನೇ ಓಡಿ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿ ಆಕೆಯನ್ನು ಹತ್ತಿಸಿ ಬಂದ. ಬಂದು ಬಿಜಾಗ್ರಿಯ ತೂತು ಒಂದೊಂದಾಗಿ ಎಣಿಸಿದ.

"ಕುಬೇರಪ್ಪಾ," ಎಂದ, "ಇನ್ನೊಂದು ಕಡ್ಡಿಪೆಟಗಿ ತಾ."