‘ಬರ್ತೀನ್ರಿ’ ಅಂದ ಗೂಢಚಾರಿಣಿ

ಕಾಗದದ ಮೇಲೆ ದಂಗೆ ಎಬ್ಬಿಸುವುದು ಬಲು ಸುಲಭ. ಲುಂಗಿ ಉಟ್ಟುಕೊಂಡು, ಚುರುಮುರಿ ತಿನ್ನುತ್ತ, ಯಾವ ಅರಸನನ್ನು ಬೇಕಾದರೂ ಗದ್ದುಗೆಯಿಂದ ಕೆಡವಬಹುದು. ಫಜೀತಿ ಏನಿದ್ದರೂ ಆ ದಂಗೆಯನ್ನು ಮನೆಯವರಿಗೆ ಓದಿ ಹೇಳುವಾಗ ಶುರುವಾಗುತ್ತದೆ.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಶಾಂತಾ, “ಅಪ್ಪಾ, ನಮ್ಮ ವಯಸ್ಸಿನೋರಿಗಿ ಕನ್ನಡದಾಗ ಯಾರೂ ಏನೂ ಬರಿಯಂಗಿಲ್ಲ ನೋಡು” ಎಂದದ್ದೇ ತಡ, ಕಾದಂಬರಿಗೆಂದು ಒಂದು ಮಾಯಾರಾಜ್ಯವನ್ನೇ ಕಟ್ಟಿಬಿಟ್ಟೆ. ಆಗ ನಮ್ಮ ಕಡೆ ಕಾಲುವೆ ನೀರು ಹೊಸದಾಗಿ ಬಂದಿತ್ತು. ನಾಲ್ಕು ಮಂದಿ ಕೂಡಿದಲ್ಲಿ ಗೇಟಿನದೇ ಮಾತು. ಹೀಗಾಗಿ ನನ್ನ ಅರಸನೂ ಮಂತ್ರದ ಬಲದಿಂದ ಹೊಳೆಗೇ ಗೇಟು ಹಾಕಿಸಿ, ಕೆಳಗಿನ ನಾಡನ್ನು ಒಣಗಿಸಿದ. ಆ ನಾಡಿನ ಹುಡುಗಿ ಚಂದ್ರಿ ಗೂಢಚಾರಿಣಿಯಾಗಿ ಅರಮನೆ ಹೊಕ್ಕು, ಗೇಟು ತೆರೆಯುವ ಮಂತ್ರ ಕದಿಯುತ್ತಾಳೆ. ಬರೆದದ್ದನ್ನು ದಿನಾ ಸಂಜೆ ಮನೆಮಂದಿಗೆ ಓದಿ ಹೇಳುತ್ತಿದ್ದೆ. ಅವ್ವನಿಗೆ ರಾಜಕೀಯ ಬೇಡ. “ಆ ಹುಡುಗಿ ಮುಂಜಾನಿಂದ ಏನರೆ ಉಂಡಾಳೇನೋ?” ಎಂಬುದೊಂದೇ ಅವಳ ಚಿಂತೆ. ಅವಳ ಕಾಟಕ್ಕೆ ಚಂದ್ರಿ ಕೋಟೆಗೋಡೆ ಏರುವ ಮೊದಲು ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ತಿನ್ನಬೇಕಾಯಿತು.

ಕೊನೆಯ ಅಧ್ಯಾಯದಲ್ಲಿ ನಾನು ದೊಡ್ಡ ಸಾಹಿತಿಯಾಗಲು ಹೋದೆ. ಮಂತ್ರ ಕದ್ದ ಚಂದ್ರಿ ಕೋಟೆಬಾಗಿಲು ದಾಟುವಾಗ, ತನ್ನೂರಿನ ರೂಢಿಯಂತೆ ಕಾವಲುಗಾರನಿಗೆ “ಬರ್ತೀನ್ರಿ” ಅಂದುಬಿಡುತ್ತಾಳೆ. ಅರಸನ ನಾಡಿನಲ್ಲಿ ಹೊರಟವರು “ಹೋಗ್ತೀನಿ” ಅನ್ನುತ್ತಾರೆ. ಆ ಒಂದು ಮಾತಿಗೆ ಸಿಕ್ಕಿಬಿದ್ದಳು, ಗಲ್ಲಿಗೇರಿದಳು. ಓದಿ ಮುಗಿಸಿ, ಯಾರಾದರೂ ಭೇಷ್ ಅಂದಾರೆಂದು ತಲೆ ಎತ್ತಿದೆ.

“ಹೊಂಟಾಕಿ ಬರ್ತೀನಿ ಅನ್ನದ ಮತ್ತೇನ್ ಅನ್ಬೇಕಿತ್ತೋ?” ಎಂದಳು ಅವ್ವ. “ಹೋಗ್ತೀನಿ ಅಂತ ಅಪಶಕುನ ನುಡೀಬೇಕಿತ್ತೇನು? ಚೊಲೋ ಮಾತು ಆಡಿದ್ದಕ್ಕ ಗಲ್ಲಿಗಿ ಹಾಕಾಕ ನಿನಗ ಮನಸರೆ ಹೆಂಗ ಬಂತೋ!”

ಶಾಂತಾ ನನ್ನೊಡನೆ ಮಾತು ಬಿಟ್ಟಳು. ಹೆಂಡತಿಯ ತವರು ಬ್ರಿಟಿಷರ ವಿರುದ್ಧ ದಂಗೆ ಎದ್ದ ಸುರಪುರ; ಬಂಡಾಯ ರಕ್ತದಲ್ಲೇ ಇದೆ. ತಾಟಿಗೆ ಒಂದು ರೊಟ್ಟಿ ಹಾಕಿದವಳು “ಇನ್ನೊಂದು ಹಾಕ್ಲೇನ್ರಿ?” ಅನ್ನಲಿಲ್ಲ. ಅರೆಹೊಟ್ಟೆ ಇರಲಿ, ಮಗಳ ಮೌನ ತಡೆಯುವುದು ನನ್ನಿಂದಾಗಲಿಲ್ಲ. ಯಾರಿಗಾಗಿ ಬರೆದೆನೋ ಅವಳೇ ಮುಖ ತಿರುವಿದರೆ ಸಾಹಿತ್ಯ ಕಟ್ಟಿಕೊಂಡು ಏನು ಮಾಡಲಿ?

ಮರುದಿನ ತಿದ್ದಿ ಬರೆದು ಓದಿದೆ. “ಬರ್ತೀನ್ರಿ” ಎಂಬುದನ್ನು ಕೇಳಿ ಕಾವಲುಗಾರ ಅಡ್ಡ ಹಿಡಿದ ಈಟಿ ಇಳಿಸುತ್ತಾನೆ. ಅವನೂ ಮೂಲತಃ ಕೆಳನಾಡಿನವನೇ. ಆ ಮಾತು ಕಿವಿಗೆ ಬೀಳದೆ ಎಷ್ಟೋ ವರ್ಷವಾಗಿದೆ. “ಹೋಗಿ ಬಾ ತಂಗಿ” ಎಂದು ಬಾಗಿಲು ತೆರೆಯುತ್ತಾನೆ. ಚಂದ್ರಿ ಪಾರಾದಳು, ಹೊಳೆಗೆ ನೀರು ಬಂತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಂತಾಳ ಮುಖವೂ ಅರಳಿತು.

“ಅಪ್ಪಾ, ಬಾಗಲಾ ತಗದಾನಲ್ಲ, ಅವನ್ನ ಅರಸ ಸುಮ್ಮ ಬಿಡ್ತಾನೇನು?” ಎಂದು ಕೇಳಿದಳು.

ಇದು ನನಗೆ ಹೊಳೆದೇ ಇರಲಿಲ್ಲ. ಅರಸನನ್ನು ಅಷ್ಟು ಕ್ರೂರಿಯಾಗಿ ಮಾಡಿಟ್ಟವನು ನಾನೇ. ಮೆಲ್ಲಗೆ ಹಾಳೆ ಮಡಿಚಿ, ಟಾವೆಲ್ಲು ಹೆಗಲಿಗೆ ಹಾಕಿಕೊಂಡು, “ಬಜಾರದಾಗ ಸ್ವಲ್ಪ ಕೆಲಸ ಅದ, ಬರ್ತೀನಿ” ಎಂದೆ.

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಪಾಪ, ಅವಂಗೂ ಹೇಣ್ತಿ ಮಕ್ಕಳು ಇರ್ತಾರ. ಮೊದಲ ಅವನ್ನ ಉಳಸ್ರಿ, ಆಮ್ಯಾಲ ಹೋಗೀರಂತ.”

ಕೋಟೆಯಿಂದ ಹುಡುಗಿಯನ್ನು ಪಾರು ಮಾಡಿದ ನಾನು ನನ್ನ ಮನೆಯ ಹೊಸ್ತಿಲು ದಾಟಲಾರದೆ, ತಿರುಗಿ ಬಂದು ಕೂತು ಪೆನ್ನಿನ ಮುಚ್ಚಳ ತೆಗೆದೆ.